27 ವರ್ಷದ ಡಾಸ್ ಬಿಲ್ಲಿಂಗ್ ತಂತ್ರಾಂಶವನ್ನು ಬಿಟ್ಟು ವೆಬ್ ಅಪ್ಲಿಕೇಶನ್‌ಗೆ ಹೋಗುವುದು ಹೇಗೆ? ಅನುಭವಸ್ಥರ ಸಲಹೆ ಬೇಕು

ಕಬ್ಬಿಣದಂಗಡಿ

ಎಲ್ಲರಿಗೂ ನಮಸ್ಕಾರ. ರಾಣೆಬೆನ್ನೂರಿನಲ್ಲಿ ನಮ್ಮದೊಂದು ಕಬ್ಬಿಣ, ಸಿಮೆಂಟು, ಹಾರ್ಡ್‌ವೇರ್ ಅಂಗಡಿ ಇದೆ. ಅಪ್ಪ ಕಟ್ಟಿ ಬೆಳೆಸಿದ ಅಂಗಡಿಯನ್ನು ಎರಡು ವರ್ಷದಿಂದ ನಾನು ನೋಡಿಕೊಳ್ಳುತ್ತಿದ್ದೇನೆ. 1998ರಲ್ಲಿ ಅಪ್ಪನ ಗೆಳೆಯರೊಬ್ಬರು ಗಲ್ಲಾದ ಪಕ್ಕದಲ್ಲೇ ಕುಳಿತು, ಅಪ್ಪ ಹೇಳಿದ್ದನ್ನು ಕೇಳಿಕೊಳ್ಳುತ್ತ, ವಿಂಡೋಸ್‌ಗಿಂತ ಹಳೆಯದಾದ ಡಾಸ್ ವ್ಯವಸ್ಥೆಯ ಮೇಲೆ ನಡೆಯುವ ಫಾಕ್ಸ್‌ಪ್ರೋ 2.6 ಎಂಬ ದತ್ತಾಂಶ ಭಾಷೆಯಲ್ಲಿ ಬರೆದುಕೊಟ್ಟ ತಂತ್ರಾಂಶವೇ ಇವತ್ತಿಗೂ ನಮ್ಮಲ್ಲಿ ನಡೆಯುತ್ತಿದೆ. ಬರೆದವರು ತೀರಿಕೊಂಡು ಒಂಬತ್ತು ವರ್ಷವಾಯಿತು.

ಕಳೆದ ತಿಂಗಳು ಆ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟುಹೋಯಿತು. ಹಾರ್ಡ್‌ಡಿಸ್ಕ್ ಉಳಿದದ್ದು ಪುಣ್ಯ. ಹೊಸ ಕಂಪ್ಯೂಟರ್ ತಂದರೆ ಅದರಲ್ಲಿದ್ದ ವಿಂಡೋಸ್ 11 ಈ ತಂತ್ರಾಂಶವನ್ನು ತೆರೆಯಲೇ ಇಲ್ಲ. ಸಂಬಂಧಿಕರ ಮನೆಯ ಅಟ್ಟದ ಮೇಲಿದ್ದ ವಿಂಡೋಸ್ 7 ಯಂತ್ರವನ್ನು ತಂದು ಸದ್ಯಕ್ಕೆ ಕೆಲಸ ಸಾಗಿಸುತ್ತಿದ್ದೇವೆ. ಅದೂ ಕೈಕೊಟ್ಟರೆ ಆರು ಸಾವಿರ ಉದ್ರಿ ಖಾತೆಗಳಲ್ಲಿ ಯಾರ ಬಾಕಿ ಎಷ್ಟೆಂದು ಹೇಳುವವರು ಯಾರೂ ಇರುವುದಿಲ್ಲ ಎಂಬ ಚಿಂತೆಯಲ್ಲಿ ರಾತ್ರಿ ನಿದ್ದೆ ಹತ್ತುತ್ತಿಲ್ಲ.

2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಪರಿಚಯದವರೊಬ್ಬರು ವ್ಯಾಟ್‌ನ ಒಂದು ಕಾಲಂ ಇದ್ದ ಕಡೆ ಎರಡು ಮಾಡಿಕೊಟ್ಟಿದ್ದರು. ಎಚ್‌ಎಸ್‌ಎನ್ ಎಂಬ ಸರಕಿನ ವರ್ಗ ಸಂಕೇತದ ವಾರು ಲೆಕ್ಕವನ್ನು ಮಾತ್ರ ಈಗಲೂ ತಿಂಗಳ ಕೊನೆಗೆ ಎಕ್ಸೆಲ್‌ನಲ್ಲಿ ಕೈಯಿಂದಲೇ ಹಾಕುತ್ತೇವೆ. ಒಂದು ಸಂಸ್ಥೆಯವರು ಬಂದು ಅರ್ಧ ಗಂಟೆ ನೋಡಿ, 45 ದಿನದಲ್ಲಿ ಹೊಸ ವೆಬ್ ಅಪ್ಲಿಕೇಶನ್ ಮಾಡಿಕೊಡುತ್ತೇವೆ ಎಂದು ಮೂರೂವರೆ ಲಕ್ಷದ ಕೊಟೇಶನ್ ಕೊಟ್ಟು ಹೋಗಿದ್ದಾರೆ.

ನನ್ನ ಅಂಜಿಕೆ ಬೇರೆಯದು. ನಮ್ಮ ಗುಮಾಸ್ತರು 22 ವರ್ಷದಿಂದ ಇದೇ ತಂತ್ರಾಂಶದಲ್ಲಿ ಬಿಲ್ಲು ಹಾಕುತ್ತಿದ್ದಾರೆ. ಗಿರಾಕಿ ಬಾಗಿಲಲ್ಲಿ ಕಂಡರೆ ಸಾಕು, ಅವರ ಬಲಗೈ ಅಂಕಿಗಳ ಕೀಲಿಗಳ ಮೇಲೆ ಹೋಗುತ್ತದೆ. 417, ಎಂಟರ್, 12, ಎಂಟರ್, 30, ಎಂಟರ್. ಕಣ್ಣು ಗಿರಾಕಿಯ ಮೇಲೆಯೇ ಇರುತ್ತದೆ. ಹಮಾಲರು ಕಂಬಿಗೆ ಕೈ ಹಾಕುವ ಹೊತ್ತಿಗೆ ಮೂರು ಪ್ರತಿಯ ಬಿಲ್ಲು ಪ್ರಿಂಟರಿನಿಂದ ಹೊರಗೆ ಬಂದಿರುತ್ತದೆ. ಈ ವೇಗ ಹೋದರೆ ಅಂಗಡಿ ನಿಂತುಬಿಡುತ್ತದೆ. ಈ ದಾರಿಯಲ್ಲಿ ನಡೆದವರು ದಯವಿಟ್ಟು ತಿಳಿಸಿ.

ಬಯಲುಸೀಮೆ

ಚೆನ್ನಾಗಿ ನಡೆಯುತ್ತಿರುವುದನ್ನು ಯಾಕೆ ಬದಲಿಸಬೇಕು ಮೇಡಂ? ಹಳೆಯ ಡಾಸ್ ಯಂತ್ರವನ್ನು ಅನುಕರಿಸುವ ಡಾಸ್‌ಬಾಕ್ಸ್ ಎಂಬ ತಂತ್ರಾಂಶ ಹಾಕಿಕೊಂಡರೆ ಹೊಸ ಕಂಪ್ಯೂಟರಿನಲ್ಲೂ ಇದೇ ತಂತ್ರಾಂಶ ನಡೆಯುತ್ತದೆ, ಒಂದು ರೂಪಾಯಿ ಖರ್ಚಿಲ್ಲ.

ಹಳೇಕೋಡು

ನಾನು 1993ರಿಂದ ಹತ್ತು ವರ್ಷ ಫಾಕ್ಸ್‌ಪ್ರೋದಲ್ಲಿ ಇಂಥವೇ ಅಂಗಡಿ ಲೆಕ್ಕಗಳನ್ನು ಬರೆದವನು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ವಿಂಡೋಸ್ 11 ನಿಮ್ಮ ತಂತ್ರಾಂಶವನ್ನು ತೆರೆಯದಿರಲು ಕಾರಣವಿದೆ. 32 ಬಿಟ್‌ನ ವಿಂಡೋಸ್‌ಗಳಲ್ಲಿ ಡಾಸ್ ತಂತ್ರಾಂಶಗಳನ್ನು ನಡೆಸಲು ಒಂದು ಒಳ ವ್ಯವಸ್ಥೆ ಇತ್ತು. 64 ಬಿಟ್‌ನಲ್ಲಿ ಅದು ಇಲ್ಲ, ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಡಾಸ್‌ಬಾಕ್ಸ್‌ನಲ್ಲಿ ಫಾಕ್ಸ್‌ಪ್ರೋ ನಡೆಯುತ್ತದೆ ಎಂಬುದು ನಿಜ, ಆದರೆ ವೇಗದ ಪ್ರೊಸೆಸರ್‌ಗಳ ಮೇಲೆ ಹಳೆಯ ಫಾಕ್ಸ್‌ಪ್ರೋ ಸೊನ್ನೆಯಿಂದ ಭಾಗಿಸಿದೆ ಎಂಬ ದೋಷ ತೋರಿಸಿ ಶುರುವಿನಲ್ಲೇ ನಿಲ್ಲುವುದುಂಟು, ಅದಕ್ಕೆ ಬೇರೆ ತೇಪೆ ಹಾಕಬೇಕು. ಮೈಕ್ರೋಸಾಫ್ಟ್ 1992ರಲ್ಲಿ ಫಾಕ್ಸ್ ಕಂಪನಿಯನ್ನು ಕೊಂಡಿತು, ಕೊನೆಯ ಆವೃತ್ತಿಯಾದ ವಿಷುಯಲ್ ಫಾಕ್ಸ್‌ಪ್ರೋ 9ಕ್ಕೆ ಕೊಡುತ್ತಿದ್ದ ಬೆಂಬಲವನ್ನೂ 2015ರ ಜನವರಿಯಲ್ಲಿ ನಿಲ್ಲಿಸಿತು. ಡಾಸ್‌ಬಾಕ್ಸ್ ನಿಮಗೆ ಆರು ತಿಂಗಳ ಸಮಯ ಕೊಡಬಹುದು, ಅದನ್ನು ಅಷ್ಟಕ್ಕೆ ಮಾತ್ರ ಬಳಸಿ.

ಇವತ್ತು ರಾತ್ರಿ ಅಂಗಡಿ ಮುಚ್ಚುವ ಮೊದಲು ಮಾಡಬೇಕಾದ ಕೆಲಸ ಒಂದಿದೆ. ತಂತ್ರಾಂಶ ಇರುವ ಇಡೀ ಫೋಲ್ಡರನ್ನು ಎರಡು ಬೇರೆ ಬೇರೆ ಪೆನ್‌ಡ್ರೈವ್‌ಗಳಿಗೆ ಪ್ರತಿ ಮಾಡಿ, ಒಂದನ್ನು ಮನೆಯಲ್ಲಿಡಿ. ಡಿಬಿಎಫ್ ಕಡತಗಳು ದತ್ತಾಂಶ, ಎಫ್‌ಪಿಟಿ ಇದ್ದರೆ ಅದರಲ್ಲಿ ಉದ್ದದ ಟಿಪ್ಪಣಿಗಳು, ಸಿಡಿಎಕ್ಸ್ ಎಂದರೆ ಸೂಚಿ. ಪಿಆರ್‌ಜಿ ಎಂದು ಕೊನೆಯಾಗುವ ಕಡತಗಳು ಸಿಕ್ಕರೆ ಅದೃಷ್ಟ, ನಿಮ್ಮ ಅಪ್ಪ ಹೇಳಿದ ಲೆಕ್ಕದ ನಿಯಮಗಳೆಲ್ಲ ಅವುಗಳಲ್ಲಿ ಓದುವ ರೂಪದಲ್ಲೇ ಇರುತ್ತವೆ.

ಇನ್ನೊಂದು ಎಚ್ಚರಿಕೆ. ಡಿಬಿಎಫ್‌ನಲ್ಲಿ ಒಂದು ದಾಖಲೆಯನ್ನು ಅಳಿಸಿದರೆ ಅದು ಹೋಗಿರುವುದಿಲ್ಲ. ದಾಖಲೆಯ ಮೊದಲ ಬೈಟ್‌ನಲ್ಲಿ ಖಾಲಿ ಜಾಗದ ಬದಲು ಒಂದು ನಕ್ಷತ್ರದ ಗುರುತು ಬೀಳುತ್ತದೆ, ಅಷ್ಟೇ. ಪ್ಯಾಕ್ ಎಂಬ ಆದೇಶ ಕೊಡುವವರೆಗೆ ಸಾಲು ಅಲ್ಲೇ ಇರುತ್ತದೆ. ಹೊಸ ವ್ಯವಸ್ಥೆಗೆ ದತ್ತಾಂಶ ಸಾಗಿಸುವವರು ಆ ಗುರುತನ್ನು ನೋಡದಿದ್ದರೆ, ನೀವು ಹತ್ತು ವರ್ಷದ ಹಿಂದೆ ರದ್ದು ಮಾಡಿದ ಬಿಲ್ಲುಗಳೆಲ್ಲ ಜೀವ ಪಡೆದು ಗಿರಾಕಿಗಳ ಬಾಕಿಯಲ್ಲಿ ಸೇರಿಕೊಳ್ಳುತ್ತವೆ. ಪೈಥಾನ್ ಭಾಷೆಯ ಡಿಬಿಎಫ್‌ರೀಡ್ ಎಂಬ ಉಚಿತ ಸಿದ್ಧ ಕೋಡ್ ಸಂಗ್ರಹ ಇವನ್ನು ಬೇರೆಯಾಗಿಯೇ ತೋರಿಸುತ್ತದೆ.

ಅಂತರ್ಜಾಲ_ಕಮ್ಮಾರ

ನಾನು ವೆಬ್ ಅಪ್ಲಿಕೇಶನ್ ಬರೆಯುವವನೇ ಆದರೂ ಆ 45 ದಿನದ ಮಾತನ್ನು ನಂಬಬೇಡಿ ಎಂದೇ ಹೇಳುತ್ತೇನೆ. ಅರ್ಧ ಗಂಟೆಯಲ್ಲಿ ಪರದೆಗಳು ಕಾಣುತ್ತವೆ, ವ್ಯವಹಾರ ಕಾಣುವುದಿಲ್ಲ. ಮಾಡಿಕೊಡುವವರು ಯಾರೇ ಇರಲಿ, ಒಂದು ಪೂರ್ತಿ ವಾರ ನಿಮ್ಮ ಗುಮಾಸ್ತರ ಹಿಂದೆ ಕುಳಿತು, ಅವರು ಯಾವಾಗ ತಂತ್ರಾಂಶವನ್ನು ಬಿಟ್ಟು ಕಾಗದದ ಮೇಲೆ ಬರೆಯುತ್ತಾರೆ ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ಹಳೆಯ ತಂತ್ರಾಂಶಕ್ಕೆ ಸಾಧ್ಯವಾಗದ ಕೆಲಸಗಳೆಲ್ಲ ಆ ಕಾಗದದಲ್ಲಿರುತ್ತವೆ.

ಬಯಲುಸೀಮೆಯವರ ಮಾತನ್ನು ನಾನು ಒಪ್ಪುವುದಿಲ್ಲ. ವಿಂಡೋಸ್ 7 ಇರಲಿ, ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಮಾಮೂಲು ಬೆಂಬಲ ಮುಗಿಯಿತು. ಆರು ಸಾವಿರ ಜನರ ಸಾಲದ ಲೆಕ್ಕವಿರುವ ಯಂತ್ರವನ್ನು ಹಾಗೆ ಅಂತರ್ಜಾಲಕ್ಕೆ ಜೋಡಿಸಿಡುವುದು ಸರಿಯಲ್ಲ.

ದಾವಣಗೆರೆ_ಬಣ್ಣ

ಮೇಡಂ, ನಾನು ಬಣ್ಣದ ಅಂಗಡಿಯವನು, ಪೆಟ್ಟು ತಿಂದೇ ಹೇಳುತ್ತಿದ್ದೇನೆ. ಹೊಸದಾಗಿ ಬರೆಸಬೇಡಿ, ಸಿದ್ಧವಿರುವುದನ್ನು ಕೊಳ್ಳಿ.

2019ರಲ್ಲಿ ನಾನೂ ಒಬ್ಬರ ಕೈಯಲ್ಲಿ ವೆಬ್ ಅಪ್ಲಿಕೇಶನ್ ಬರೆಸಿದೆ. ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಅವರಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು, ಫೋನ್ ಎತ್ತುವುದು ಕಡಿಮೆಯಾಯಿತು. ಡೊಮೈನ್, ಅಂದರೆ ಅಂತರ್ಜಾಲದ ವಿಳಾಸ, ಅವರ ಹೆಸರಿನಲ್ಲಿತ್ತು, ಸರ್ವರಿನ ಬಾಡಿಗೆ ಅವರ ಕಾರ್ಡಿನಿಂದ ಹೋಗುತ್ತಿತ್ತು. ಒಂದು ಸೋಮವಾರ ಬೆಳಿಗ್ಗೆ ಅಂಗಡಿ ತೆರೆದರೆ ಪುಟವೇ ತೆರೆಯಲಿಲ್ಲ. ಹನ್ನೊಂದು ದಿನ ಬಿಲ್ಲು ಪುಸ್ತಕದಲ್ಲಿ ಬರೆದೆವು. ಕೊನೆಗೆ ಸಿಕ್ಕ ಬ್ಯಾಕಪ್ ನಾಲ್ಕು ತಿಂಗಳ ಹಿಂದಿನದು. ಆ ನಾಲ್ಕು ತಿಂಗಳ ಉದ್ರಿಯಲ್ಲಿ ಎಷ್ಟು ಬಂತು, ಎಷ್ಟು ಮುಳುಗಿತು ಎಂಬುದು ನನಗೆ ಇಂದಿಗೂ ಖಚಿತವಿಲ್ಲ.

ಈಗ ಟ್ಯಾಲಿ ಪ್ರೈಮ್ ಎಂಬ ಸಿದ್ಧ ಲೆಕ್ಕಪತ್ರ ತಂತ್ರಾಂಶ ಬಳಸುತ್ತಿದ್ದೇನೆ. ನಮ್ಮ ಲೆಕ್ಕಪರಿಶೋಧಕರಿಗೂ ಅದೇ ಬೇಕು, ಕೆಲಸಕ್ಕೆ ಬರುವ ಹುಡುಗರಿಗೂ ಅದು ಬರುತ್ತದೆ. ನಮ್ಮ ಊರಿನ ಗಾತ್ರದ ಅಂಗಡಿಗೆ ಇದಕ್ಕಿಂತ ಹೆಚ್ಚು ಬೇಕಿಲ್ಲ.

ಅಂತರ್ಜಾಲ_ಕಮ್ಮಾರ

ನಿಮಗಾದದ್ದು ಅನ್ಯಾಯವೇ, ಆದರೆ ಅದು ವೆಬ್ ಅಪ್ಲಿಕೇಶನ್ನಿನ ತಪ್ಪಲ್ಲ, ಕರಾರಿನ ತಪ್ಪು. ಡೊಮೈನ್, ಸರ್ವರ್, ಕೋಡ್ ಇರುವ ಖಾತೆ, ಈ ಮೂರೂ ಅಂಗಡಿಯ ಮಾಲೀಕರ ಹೆಸರಿನಲ್ಲೇ, ಅವರ ಇಮೇಲ್ ಮತ್ತು ಫೋನ್ ಸಂಖ್ಯೆಯಲ್ಲೇ ಇರಬೇಕು. ಬರೆಯುವವರಿಗೆ ಒಳಗೆ ಬರಲು ಅನುಮತಿ ಕೊಡಬೇಕೇ ಹೊರತು ಬಾಗಿಲ ಕೀಲಿಯನ್ನೇ ಕೊಡಬಾರದು. ಕೊನೆಯ ಕಂತಿನ ಹಣ ಕೊಡುವ ಮೊದಲು ಬ್ಯಾಕಪ್ಪಿನಿಂದ ಇಡೀ ವ್ಯವಸ್ಥೆಯನ್ನು ಬೇರೊಂದು ಖಾಲಿ ಯಂತ್ರದ ಮೇಲೆ ನಿಮ್ಮ ಕಣ್ಣೆದುರು ಎಬ್ಬಿಸಿ ತೋರಿಸಬೇಕು ಎಂದು ಕರಾರಿನಲ್ಲಿ ಬರೆಸಿ. ಎಬ್ಬಿಸಿ ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಕರೆಯುವುದಿಲ್ಲ.

ದಾವಣಗೆರೆ_ಬಣ್ಣ

ಕರಾರು ಓದಿ ಸಹಿ ಹಾಕಿಸುವಷ್ಟು ತಿಳಿವಳಿಕೆ ನಮ್ಮಂಥ ಅಂಗಡಿಯವರಿಗೆ ಎಲ್ಲಿಂದ ಬರಬೇಕು ಸರ್? ಇದನ್ನೆಲ್ಲ ಆಗ ನನಗೆ ಯಾರೂ ಹೇಳಲಿಲ್ಲ. ಬರೆಯುವವರೇ ಮುಂದಾಗಿ ಹೇಳಬೇಕಾದ ಮಾತಿದು.

ಬಯಲುಸೀಮೆ

ಟ್ಯಾಲಿ ಇರಲಿ, ಇನ್ನೊಂದಿರಲಿ, ಈಗ ಬಿಲ್ಲನ್ನು ಸರ್ಕಾರದ ಜಾಲತಾಣದಲ್ಲಿ ನೋಂದಾಯಿಸುವ ಇ-ಇನ್‌ವಾಯ್ಸ್ ಎಲ್ಲರಿಗೂ ಕಡ್ಡಾಯ, ತಿದ್ದಿದ್ದೆಲ್ಲ ದಾಖಲಾಗುವ ಎಡಿಟ್ ಲಾಗ್ ಕೂಡ ಕಡ್ಡಾಯ. ಹೊಸದಾಗಿ ಬರೆಸಿದರೆ ಇವನ್ನೆಲ್ಲ ಸೇರಿಸಲು ಮೂರೂವರೆ ಲಕ್ಷ ಎಲ್ಲಿ ಸಾಕಾಗುತ್ತದೆ?

ತೆರಿಗೆ_ಮಿತ್ರ

ಎರಡೂ ಮಾತು ತಪ್ಪು, ದಯವಿಟ್ಟು ಹೀಗೆ ಬರೆದು ಜನರನ್ನು ಗಾಬರಿಪಡಿಸಬೇಡಿ. ಇ-ಇನ್‌ವಾಯ್ಸ್ 2023ರ ಆಗಸ್ಟ್ 1ರಿಂದ 5 ಕೋಟಿಗಿಂತ ಹೆಚ್ಚು ವಹಿವಾಟು ಇರುವವರಿಗೆ ಕಡ್ಡಾಯ, ಅದೂ ನೋಂದಾಯಿತ ವ್ಯಾಪಾರಿಗಳಿಗೆ ಮಾರಿದ ಬಿಲ್ಲುಗಳಿಗೆ. ಮನೆ ಕಟ್ಟಿಸುವ ಸಾಮಾನ್ಯ ಗಿರಾಕಿಯ ಬಿಲ್ಲಿಗಲ್ಲ. ಆದರೆ ಒಂದು ಸೂಕ್ಷ್ಮವಿದೆ. 2017-18ರಿಂದ ಈಚೆಗೆ ಯಾವುದಾದರೂ ಒಂದು ವರ್ಷ ಆ ಮಿತಿ ದಾಟಿದ್ದರೂ ನಿಯಮ ಅನ್ವಯಿಸುತ್ತದೆ, ಹಾಗಾಗಿ ಹಳೆಯ ವರ್ಷಗಳ ವಹಿವಾಟನ್ನೂ ನೋಡಿಕೊಳ್ಳಿ. ಎಡಿಟ್ ಲಾಗ್ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವುದು ಕಂಪನಿ ಕಾಯ್ದೆಯಡಿ ನೋಂದಾಯಿಸಿದ ಕಂಪನಿಗಳಿಗೆ. ಒಬ್ಬರ ಮಾಲೀಕತ್ವದ ಅಂಗಡಿಗೆ ಅದು ಬರುವುದಿಲ್ಲ. ಕಡ್ಡಾಯವಲ್ಲದಿದ್ದರೂ ಯಾರು ಯಾವಾಗ ಬಿಲ್ಲು ತಿದ್ದಿದರು ಎಂಬ ದಾಖಲೆ ಇರುವುದು ಒಳ್ಳೆಯದು, ಅದು ಬೇರೆ ವಿಷಯ.

ಹೊಸ ತಂತ್ರಾಂಶದಲ್ಲಿ ನೀವು ಮರೆಯದೆ ಕೇಳಬೇಕಾದದ್ದು ತೆರಿಗೆ ದರವನ್ನು ಎಲ್ಲಿ ಇಡುತ್ತೀರಿ ಎಂಬ ಪ್ರಶ್ನೆ. 2025ರ ಸೆಪ್ಟೆಂಬರ್ 22ರಂದು ಸಿಮೆಂಟಿನ ಜಿಎಸ್‌ಟಿ 28ರಿಂದ 18 ಪ್ರತಿಶತಕ್ಕೆ ಇಳಿಯಿತು. ವಸ್ತುವಿನ ಹೆಸರಿನ ಮುಂದೆ ಒಂದೇ ದರ ಬರೆದಿಡುವ ತಂತ್ರಾಂಶಗಳಲ್ಲಿ ಆ ದಿನ ದರ ತಿದ್ದಿದ ಕೂಡಲೇ ಹಳೆಯ ಬಿಲ್ಲುಗಳನ್ನು ಮತ್ತೆ ತೆಗೆದರೂ 18 ಎಂದೇ ಬಂದ ಪ್ರಕರಣಗಳನ್ನು ನಾನು ಕಂಡಿದ್ದೇನೆ. ಸೆಪ್ಟೆಂಬರ್ 20ರಂದು ಒಯ್ದ ಸಿಮೆಂಟನ್ನು ಗಿರಾಕಿ ಅಕ್ಟೋಬರಿನಲ್ಲಿ ವಾಪಸು ತಂದರೆ ಕ್ರೆಡಿಟ್ ನೋಟ್ 28ರ ದರದಲ್ಲೇ ಆಗಬೇಕು. ಆದ್ದರಿಂದ ದರದ ಜೊತೆಗೆ ಅದು ಯಾವ ದಿನದಿಂದ ಜಾರಿ ಎಂಬುದೂ ಇರಬೇಕು, ಹಾಕಿದ ಬಿಲ್ಲಿನೊಳಗೆ ಆಗಿನ ದರ ಅಚ್ಚಾಗಿ ಉಳಿಯಬೇಕು.

ಒಂದು ಟನ್ ಕಂಬಿ ಕಳಿಸಿದರೆ ಸರಕಿನ ಬೆಲೆ 50,000 ರೂಪಾಯಿ ದಾಟಿಬಿಡುತ್ತದೆ, ಸರಕು ಸಾಗಣೆಗೆ ಸರ್ಕಾರದ ಜಾಲತಾಣದಲ್ಲಿ ಪಡೆಯುವ ಇ-ವೇ ಬಿಲ್ ಬೇಕಾಗುತ್ತದೆ. ಆ ಜಾಲತಾಣಕ್ಕೆ ನೇರ ಜೋಡಣೆ ದುಬಾರಿಯೆನಿಸಿದರೆ, ಅದಕ್ಕೆ ಏರಿಸುವ ಜೇಸನ್ ಎಂಬ ನಮೂನೆಯ ಕಡತವನ್ನು ತಂತ್ರಾಂಶವೇ ತಯಾರಿಸಿಕೊಟ್ಟರೆ ಸಾಕು. ಹಳೆಯ ಯಂತ್ರವನ್ನು ಎಸೆಯಬೇಡಿ. ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಪಾಡುವುದು ಕಾನೂನಿನ ಹೊಣೆ.

ಕಬ್ಬಿಣದಂಗಡಿ

ಎಲ್ಲರಿಗೂ ಧನ್ಯವಾದ. ಪೆನ್‌ಡ್ರೈವ್‌ಗಳಿಗೆ ಪ್ರತಿ ಮಾಡಿದೆ. ಪಿಆರ್‌ಜಿ ಕಡತಗಳೂ ಸಿಕ್ಕಿವೆ, ಒಟ್ಟು 41.

ದತ್ತಾಂಶವನ್ನು ತೆರೆದು ನೋಡುವಾಗ ಕಂಬಿಯ ಸ್ಟಾಕಿನ ಕಡತದಲ್ಲಿ ಫರಕು ಎಂಬ ಒಂದು ಕಾಲಂ ಕಂಡಿತು. ಪ್ರತಿ ಲೋಡಿಗೂ ಅದರಲ್ಲಿ ಒಂದು ಸಂಖ್ಯೆ ಇದೆ, ಕೆಲವು ಕಡೆ ಋಣ ಚಿಹ್ನೆಯೊಂದಿಗೆ. ಕೊಟೇಶನ್ ಕೊಟ್ಟವರನ್ನು ಕೇಳಿದಾಗ ಇದು ಬೇಡದ ಕಾಲಂ, ಕೈಬಿಡುತ್ತೇವೆ ಎಂದರು. ಗುಮಾಸ್ತರನ್ನು ಕೇಳಿದರೆ ಸಾಹುಕಾರರು ತುಂಬುತ್ತಿದ್ದರು, ನಾನೂ ತುಂಬುತ್ತೇನೆ ಎಂದಷ್ಟೇ ಹೇಳಿದರು. ಅಪ್ಪನಿಗೆ ಈಗ ನೆನಪು ಸರಿಯಾಗಿ ನಿಲ್ಲುವುದಿಲ್ಲ. ಯಾರಿಗಾದರೂ ಅಂದಾಜು ಇದೆಯೇ?

ಸಿವಿಲ್_ಗದಗ

ಅದನ್ನು ಖಂಡಿತ ಕೈಬಿಡಬೇಡಿ! ಅದು ನಿಮ್ಮ ತಂದೆಯವರ ವ್ಯಾಪಾರದ ಜೀವಾಳ.

ಕಂಬಿಯ ಲೆಕ್ಕದ ತೂಕವನ್ನು ಹಾಕುವುದು ಒಂದು ಸೂತ್ರದಿಂದ: ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು ವರ್ಗ ಮಾಡಿ 162ರಿಂದ ಭಾಗಿಸಿದರೆ ಒಂದು ಮೀಟರಿನ ಕಿಲೋ ಸಿಗುತ್ತದೆ. 12 ಎಂಎಂ ಕಂಬಿಗೆ 144 ಭಾಗ 162, ಅಂದರೆ 0.889 ಕಿಲೋ. 12 ಮೀಟರಿನ ಒಂದು ಕಂಬಿ 10.67 ಕಿಲೋ, ನೂರು ಕಂಬಿ 1,067 ಕಿಲೋ. ಆದರೆ ಕಾರ್ಖಾನೆಯಿಂದ ಬರುವ ಕಂಬಿ ಕರಾರುವಾಕ್ಕಾಗಿ ಅಷ್ಟೇ ತೂಗುವುದಿಲ್ಲ. ಐಎಸ್ 1786 ಮಾನದಂಡದಲ್ಲೇ 10 ಎಂಎಂವರೆಗೆ ಶೇ 7, ಅದರ ಮೇಲೆ 16 ಎಂಎಂವರೆಗೆ ಶೇ 5, ಅದಕ್ಕಿಂತ ದಪ್ಪನೆಯದಕ್ಕೆ ಶೇ 3ರಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ. ನೀವು ಲಾರಿ ತೂಗುವ ವೇಬ್ರಿಜ್‌ನ ತೂಕದ ಮೇಲೆ ಹಣ ಕೊಟ್ಟು ಮಾಲು ಇಳಿಸಿಕೊಳ್ಳುತ್ತೀರಿ, ಗೌಂಡಿಗೆ ಎಣಿಸಿ ಕೊಡುತ್ತೀರಿ. ನೂರು ಕಂಬಿಗೆ 50 ಕಿಲೋ ಆಚೀಚೆಯಾದರೆ ಕಡಿಮೆ ಮಾತಲ್ಲ. ನಿಮ್ಮ ತಂದೆಯವರು ಪ್ರತಿ ಲೋಡಿಗೆ ವೇಬ್ರಿಜ್ ತೂಕದಿಂದ ಲೆಕ್ಕದ ತೂಕವನ್ನು ಕಳೆದು ಫರಕು ಎಂದು ಬರೆದಿಡುತ್ತಿದ್ದಿರಬೇಕು. ಒಂದು ಲೋಡನ್ನು ತೆಗೆದು ಲೆಕ್ಕ ಹಾಕಿ ನೋಡಿ, ತಿಳಿಯುತ್ತದೆ.

ಕಬ್ಬಿಣದಂಗಡಿ

ಹಾಕಿ ನೋಡಿದೆ ಸರ್. ಏಳು ಲೋಡುಗಳನ್ನು ನೋಡಿದೆ, ಏಳಕ್ಕೂ ಅದೇ ಉತ್ತರ ಬಂತು. 25 ವರ್ಷದಿಂದ ಯಾವ ಕಾರ್ಖಾನೆಯ ಕಂಬಿ ಎಷ್ಟು ಹಗುರ, ಎಷ್ಟು ಭಾರ ಎಂಬುದನ್ನು ಅಪ್ಪ ಬರೆದಿಟ್ಟಿದ್ದಾರೆ. ಮಾಲು ಬರುವ ಮೊದಲೇ ಅವರು ದರ ಚೌಕಾಸಿ ಮಾಡುತ್ತಿದ್ದದ್ದು ಯಾವ ಆಧಾರದ ಮೇಲೆ ಎಂದು ನನಗೆ ಇವತ್ತು ಗೊತ್ತಾಯಿತು.

ಹಳೇಕೋಡು

ಇದಕ್ಕಾಗಿಯೇ ನಾನು ಪಿಆರ್‌ಜಿ ಕಡತಗಳು ಸಿಕ್ಕರೆ ಅದೃಷ್ಟ ಎಂದದ್ದು. ಆ ಕಾಲದಲ್ಲಿ ನಾವು ಬೇರೆ ದಾಖಲೆಯನ್ನು ಬರೆಯುತ್ತಿರಲಿಲ್ಲ. ಮಾಲೀಕರು ಏನು ಹೇಳಿದರೋ ಅದನ್ನು ನೇರವಾಗಿ ಕೋಡಿಗೆ ಇಳಿಸುತ್ತಿದ್ದೆವು. ಕಾಲಂ ಹೆಸರಿಗೆ ಹತ್ತೇ ಅಕ್ಷರಗಳ ಮಿತಿ ಇದ್ದುದರಿಂದ ಹೆಸರುಗಳೂ ಮೊಟಕಾಗಿರುತ್ತಿದ್ದವು. ಹೊಸದಾಗಿ ಬರೆಯುವವರು ಪ್ರತಿ ಕಾಲಂ ಮುಂದೆ ಬೆರಳಿಟ್ಟು ಇದು ಯಾಕಿದೆ ಎಂದು ಕೇಳಬೇಕು.

ಮಲೆನಾಡಿಗ

ನಮ್ಮದು ತೀರ್ಥಹಳ್ಳಿ ಕಡೆ ಸಣ್ಣ ಹಾರ್ಡ್‌ವೇರ್ ಅಂಗಡಿ. ವೆಬ್ ಅಪ್ಲಿಕೇಶನ್ ಎಂದರೆ ಅಂತರ್ಜಾಲ ಸದಾ ಇರಬೇಕಲ್ಲವೇ? ಮಳೆಗಾಲದಲ್ಲಿ ನಮ್ಮಲ್ಲಿ ಮರ ಬಿದ್ದರೆ ಎರಡು ದಿನ ಕರೆಂಟೂ ಇರುವುದಿಲ್ಲ, ನೆಟ್ಟೂ ಇರುವುದಿಲ್ಲ. ಡಾಸ್ ತಂತ್ರಾಂಶ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಇದಕ್ಕೆ ಉತ್ತರವಿಲ್ಲದೆ ಬದಲಿಸುವುದು ದುಡುಕು.

ಅಂತರ್ಜಾಲ_ಕಮ್ಮಾರ

ಒಳ್ಳೆಯ ಪ್ರಶ್ನೆ. ವೆಬ್ ಅಪ್ಲಿಕೇಶನ್ ಎಂದರೆ ಅದು ದೂರದ ಸರ್ವರಿನಲ್ಲೇ ಇರಬೇಕೆಂದಿಲ್ಲ. ಅಂಗಡಿಯೊಳಗೇ ಒಂದು ಸಣ್ಣ ಕಂಪ್ಯೂಟರಿನಲ್ಲಿ ಲಿನಕ್ಸ್ ಮತ್ತು ದತ್ತಾಂಶ ಕೂಡಿಡುವ ಪೋಸ್ಟ್‌ಗ್ರೆಸ್ ಹಾಕಿ ಅಪ್ಲಿಕೇಶನ್ ನಡೆಸಿದರೆ, ಕೌಂಟರಿನ ಯಂತ್ರಗಳು ಅಂಗಡಿಯ ಒಳಗಿನ ಜಾಲದ ಮೂಲಕವೇ ಅದನ್ನು ಬ್ರೌಸರಿನಲ್ಲಿ ತೆರೆಯುತ್ತವೆ. ಹೊರಗಿನ ನೆಟ್ ಹೋದರೂ ಬಿಲ್ಲು ನಿಲ್ಲುವುದಿಲ್ಲ. ನೆಟ್ ಬಂದಾಗ ಇಡೀ ದತ್ತಾಂಶದ ಒಂದು ಪ್ರತಿ ಗೂಢಲಿಪಿಯಲ್ಲಿ ದೂರದ ಸರ್ವರಿಗೆ ಹೋಗುವಂತೆ ಮಾಡಬಹುದು. ಸಣ್ಣ ಯಂತ್ರಕ್ಕೂ ರೂಟರಿಗೂ ಒಂದು ಯುಪಿಎಸ್ ಸಾಕು. ಒಂದೇ ಊರಿನಲ್ಲಿ ಒಂದೇ ಅಂಗಡಿ ಇರುವವರಿಗೆ ನಾನು ಈ ವಿಧಾನವನ್ನೇ ಸೂಚಿಸುತ್ತೇನೆ. ಎರಡು ಮೂರು ಊರಿನಲ್ಲಿ ಶಾಖೆಗಳಿದ್ದರೆ ಮಾತು ಬೇರೆ.

ಪ್ರಿಂಟಿಂಗ್ ಬಗ್ಗೆ ಯಾರೂ ಹೇಳಲಿಲ್ಲ. ಬ್ರೌಸರಿನಿಂದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ನೇರವಾಗಿ ಕಳಿಸಿದರೆ ಅದು ಅಕ್ಷರಗಳನ್ನು ಚಿತ್ರವೆಂದು ಭಾವಿಸಿ ಸಾಲು ಸಾಲಾಗಿ ಕೊರೆಯುತ್ತ ಕೂರುತ್ತದೆ. ಐದು ಸೆಕೆಂಡಿನ ಬಿಲ್ಲಿಗೆ ಒಂದು ನಿಮಿಷ ಹಿಡಿದದ್ದನ್ನು ನೋಡಿದ್ದೇನೆ. ಕ್ಯೂಜೆಡ್ ಟ್ರೇಯಂಥ ಒಂದು ಸಣ್ಣ ಸಹಾಯಕ ತಂತ್ರಾಂಶವನ್ನು ಕೌಂಟರಿನಲ್ಲಿ ಇಟ್ಟರೆ, ಪ್ರಿಂಟರಿಗೆ ಅದರದೇ ಭಾಷೆಯಲ್ಲಿ ಅಕ್ಷರಗಳು ಹೋಗುತ್ತವೆ, ಹಳೆಯ ವೇಗ ಉಳಿಯುತ್ತದೆ. ಕಾರ್ಬನ್ ಪ್ರತಿ ಬೇಕಾದವರು ಆ ಪ್ರಿಂಟರನ್ನು ಬಿಡಬೇಕಾಗಿಲ್ಲ.

ಕಾಗುಣಿತ

ಬಿಲ್ಲಿನಲ್ಲಿ ಕನ್ನಡ ಬೇಕೆನ್ನುವವರು ಒಂದು ವಿಷಯ ಗಮನಿಸಿ. ಆ ಹಳೆಯ ಪ್ರಿಂಟರಿನ ಸ್ವಂತ ಅಕ್ಷರಗಳಲ್ಲಿ ಸಾಮಾನ್ಯವಾಗಿ ಕನ್ನಡ ಇರುವುದಿಲ್ಲ, ಕನ್ನಡವನ್ನು ಚಿತ್ರವಾಗಿಯೇ ಕಳಿಸಬೇಕು. ಹೆಸರಿನ ಒಂದು ಸಾಲನ್ನು ಮಾತ್ರ ಹಾಗೆ ಕಳಿಸಿ ಉಳಿದದ್ದನ್ನು ಅಂಕಿಗಳಲ್ಲೇ ಬಿಟ್ಟರೆ ವೇಗ ಹೆಚ್ಚು ಕೆಡುವುದಿಲ್ಲ.

ಗಿರಾಕಿಗಳ ಹೆಸರಿನದು ಇನ್ನೂ ದೊಡ್ಡ ಕೆಲಸ. ಡಾಸ್ ಕಾಲದಲ್ಲಿ ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಬರೆದ ಬಸವರಾಜ ಎಂಬ ಒಂದೇ ಹೆಸರು ಮೂರು ಕಾಗುಣಿತಗಳಲ್ಲಿ ಮೂರು ಖಾತೆಯಾಗಿರುತ್ತದೆ. ಅದನ್ನು ಯಂತ್ರದಿಂದ ಒಟ್ಟುಗೂಡಿಸಲು ಹೋಗಬೇಡಿ, ಒಂದೇ ಊರಿನಲ್ಲಿ ನಿಜವಾಗಿಯೂ ಮೂವರು ಬಸವರಾಜರು ಇರುತ್ತಾರೆ. ಹೆಸರು, ಊರು, ಫೋನು ಇಟ್ಟುಕೊಂಡು ಒಬ್ಬರು ಕುಳಿತು ಕಣ್ಣಿನಿಂದಲೇ ನೋಡಬೇಕು. ಕನ್ನಡದಲ್ಲಿ ತುಂಬುವಾಗ ಯೂನಿಕೋಡಿನ ಎನ್ಎಫ್‌ಸಿ ಎಂಬ ಏಕರೂಪಕ್ಕೆ ತಂದು ಉಳಿಸುವಂತೆ ಹೇಳಿ. ಒಕಾರದ ಗುರುತನ್ನು ಒಂದೇ ಸಂಕೇತವಾಗಿಯೂ, ಎಕಾರ ಮತ್ತು ಊಕಾರದ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ ರೀತಿ ಕಂಡರೂ ಹುಡುಕುವಾಗ ಕೊಟ್ರೇಶ ಎಂಬ ಹೆಸರು ಸಿಗದೆ ಹೋಗುತ್ತದೆ.

ಗುಮಾಸ್ತರ_ಮಗ

ನನ್ನ ತಂದೆ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ 31 ವರ್ಷ ಗುಮಾಸ್ತರಾಗಿದ್ದರು. ಅಲ್ಲಿ ತಂತ್ರಾಂಶ ಬದಲಿಸಿದಾಗ ಮಾಲೀಕರು ಅವರನ್ನು ಒಂದು ಮಾತೂ ಕೇಳಲಿಲ್ಲ. ಒಂದು ಬೆಳಿಗ್ಗೆ ಹೋದರೆ ಮೇಜಿನ ಮೇಲೆ ಹೊಸ ಪರದೆ ಇತ್ತು, ಪ್ರತಿಯೊಂದಕ್ಕೂ ಮೌಸ್ ಹಿಡಿಯಬೇಕಿತ್ತು, ಗಿರಾಕಿಯನ್ನು ಹೆಸರಿನಿಂದ ಹುಡುಕಬೇಕಿತ್ತು. ಸಾಲಿನಲ್ಲಿ ನಿಂತ ಜನ ಗೊಣಗಿದರು. ಅಷ್ಟು ವರ್ಷ ಒಂದು ಲೆಕ್ಕ ತಪ್ಪದ ಮನುಷ್ಯ ಮನೆಗೆ ಬಂದು, ನನಗೆ ವಯಸ್ಸಾಯಿತು, ಕೈ ನಡೆಯುತ್ತಿಲ್ಲ ಎಂದರು. ಅವರ ಕೈಯಲ್ಲಿ ಯಾವ ದೋಷವೂ ಇರಲಿಲ್ಲ.

ಅಕ್ಕಾ, ನಿಮ್ಮ ಗುಮಾಸ್ತರ 417 ಎಂಬ ಖಾತೆ ಸಂಖ್ಯೆಯನ್ನು ಹಾಗೆಯೇ ಉಳಿಸಿ. ಹೊಸ ವ್ಯವಸ್ಥೆ ಒಳಗೆ ತನ್ನದೇ ಸಂಖ್ಯೆ ಕೊಟ್ಟುಕೊಳ್ಳಲಿ, ಹೊರಗೆ ಅವರು ಒತ್ತುವ ಸಂಖ್ಯೆ ಹಳೆಯದೇ ಇರಲಿ. ಎಂಟರ್ ಒತ್ತಿದರೆ ಮುಂದಿನ ಮನೆಗೆ ಹೋಗಬೇಕು, ಅವರು ಮೌಸ್ ಮುಟ್ಟದೆ ಒಂದು ಬಿಲ್ಲು ಮುಗಿಯಬೇಕು. ಇವೆರಡನ್ನು ಮೊದಲ ದಿನವೇ ಪರೀಕ್ಷೆಗೆ ಇಡಿ, ಪರೀಕ್ಷೆ ಮಾಡುವವರು ಅವರೇ ಆಗಿರಲಿ.

ಬಯಲುಸೀಮೆ

ಇದನ್ನು ಓದಿದ ಮೇಲೆ ನನ್ನ ಮೊದಲ ಮಾತನ್ನು ಹಿಂದೆ ತೆಗೆದುಕೊಳ್ಳುತ್ತೇನೆ. ಬದಲಿಸುವುದಾದರೆ ಹೀಗೆ ಬದಲಿಸಬೇಕು. ಯಾವಾಗ ಬದಲಿಸುತ್ತೀರಿ? ನಮ್ಮ ಕಡೆ ದೀಪಾವಳಿಯ ಲಕ್ಷ್ಮೀಪೂಜೆಗೆ ಹೊಸ ಕೀರ್ದಿ ಪೂಜೆ ಮಾಡುತ್ತೇವೆ, ಅದೇ ಒಳ್ಳೆಯ ದಿನ.

ತೆರಿಗೆ_ಮಿತ್ರ

ಪೂಜೆ ದೀಪಾವಳಿಗೇ ಇರಲಿ, ಲೆಕ್ಕದ ದೃಷ್ಟಿಯಿಂದ ಏಪ್ರಿಲ್ 1 ಅನುಕೂಲ. ವರ್ಷದ ನಡುವೆ ಬದಲಿಸಿದರೆ ಎರಡು ತಂತ್ರಾಂಶಗಳ ಲೆಕ್ಕವನ್ನು ಕೂಡಿಸಿ ವಾರ್ಷಿಕ ರಿಟರ್ನ್ ಹಾಕಬೇಕಾಗುತ್ತದೆ.

ದಾವಣಗೆರೆ_ಬಣ್ಣ

ಏಪ್ರಿಲ್ ಎಂದರೆ ಮನೆ ಕಟ್ಟುವ ಸೀಸನ್ನಿನ ನಟ್ಟನಡುವೆ. ಸಂಕ್ರಾಂತಿಯಿಂದ ಮಳೆ ಬೀಳುವವರೆಗೆ ನಮಗೆ ಉಸಿರು ಬಿಡಲು ಸಮಯವಿರುವುದಿಲ್ಲ. ಆಗ ಹೊಸ ತಂತ್ರಾಂಶ ಕಲಿಯಿರಿ ಎಂದರೆ ಅಂಗಡಿಯಲ್ಲಿ ಜಗಳವಾಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ವ್ಯಾಪಾರ ತೆಳುವಾಗಿರುತ್ತದೆ. ಜುಲೈ 1 ತ್ರೈಮಾಸಿಕದ ಮೊದಲ ದಿನವೂ ಹೌದು. ಒಂದು ವರ್ಷ ಎರಡು ಲೆಕ್ಕ ಕೂಡಿಸುವ ತೊಂದರೆಯನ್ನು ಲೆಕ್ಕಪರಿಶೋಧಕರು ಪಡಲಿ, ಕೌಂಟರಿನಲ್ಲಿ ನಿಲ್ಲುವವರು ಪಡುವುದು ಬೇಡ.

ತೆರಿಗೆ_ಮಿತ್ರ

ಒಪ್ಪಿದೆ. ಬಿಲ್ಲಿನ ಸರಣಿ ಸಂಖ್ಯೆಗೆ ಮಾತ್ರ ಹೊಸ ಪೂರ್ವಾಕ್ಷರ ಕೊಡಿ, ಒಂದೇ ವರ್ಷದಲ್ಲಿ ಒಂದೇ ಸಂಖ್ಯೆ ಎರಡು ಬಿಲ್ಲಿಗೆ ಬೀಳಬಾರದು.

ಕಬ್ಬಿಣದಂಗಡಿ

ತಡವಾಗಿ ಬರೆಯುತ್ತಿದ್ದೇನೆ, ಎಂಟು ತಿಂಗಳಾಗಿದೆ. ಹಲವರು ಖಾಸಗಿಯಾಗಿ ಕೇಳಿದ್ದರಿಂದ ಆದದ್ದನ್ನು ಇಲ್ಲೇ ಹೇಳುತ್ತೇನೆ.

ಮೊದಲ ಕೊಟೇಶನ್ ಕೊಟ್ಟವರನ್ನು ಬಿಟ್ಟೆವು. ಲೆಕ್ಕಪತ್ರಕ್ಕೆ, ಅಂದರೆ ಖತಾವಣಿ ಮತ್ತು ರಿಟರ್ನಿಗೆ, ದಾವಣಗೆರೆಯ ಸರ್ ಹೇಳಿದಂತೆ ಸಿದ್ಧ ಪ್ಯಾಕೇಜನ್ನೇ ಕೊಂಡೆವು. ಕೌಂಟರಿನ ಬಿಲ್ಲು, ಕಂಬಿಯ ಸ್ಟಾಕು ಮತ್ತು ಉದ್ರಿ ಖಾತೆಗೆ ಮಾತ್ರ ಸಣ್ಣ ವೆಬ್ ಅಪ್ಲಿಕೇಶನ್ ಬರೆಸಿದೆವು. ರಾತ್ರಿ ಈ ಅಪ್ಲಿಕೇಶನ್ನಿನಿಂದ ಆ ಪ್ಯಾಕೇಜಿಗೆ ಒಂದು ಕಡತ ಹೋಗುತ್ತದೆ. ಬರೆದವರು ಹಾವೇರಿಯ ಇಬ್ಬರು ಯುವಕರು. ಆರು ದಿನ ಗುಮಾಸ್ತರ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕುಳಿತರು. ಸರ್ವರ್ ಅಂಗಡಿಯ ಕಪಾಟಿನಲ್ಲಿದೆ, ಡೊಮೈನ್, ಕೋಡ್ ಎಲ್ಲ ನನ್ನ ಹೆಸರಿನಲ್ಲಿದೆ.

ಜುಲೈ 1ರಿಂದ ಆರು ವಾರ ಎರಡರಲ್ಲೂ ಬಿಲ್ಲು ಹಾಕಿದೆವು, ದಿನಾ ಸಂಜೆ ಮೊತ್ತ ತಾಳೆ ನೋಡಿದೆವು. ಮೊದಲ ವಾರ ದಿನವೂ ಒಂದೆರಡು ರೂಪಾಯಿ ಹೊಂದುತ್ತಿರಲಿಲ್ಲ. ಹಳೆಯದು ಬಿಲ್ಲಿನ ಒಟ್ಟು ಮೊತ್ತವನ್ನು ಮಾತ್ರ ರೂಪಾಯಿಗೆ ಸರಿ ಮಾಡುತ್ತಿತ್ತು, ಹೊಸದು ಪ್ರತಿ ಸಾಲನ್ನೂ ಸರಿ ಮಾಡುತ್ತಿತ್ತು. ಅದನ್ನು ತಿದ್ದಿದ ಮೇಲೆ ಹೊಂದಿತು.

ಫರಕು ಕಾಲಂ ಹಾಗೆಯೇ ಇದೆ, ಅದೇ ಹೆಸರಿನಲ್ಲಿ, ಈಗ ಕನ್ನಡ ಅಕ್ಷರಗಳಲ್ಲಿ. ಲೋಡು ಬಂದಾಗ ವೇಬ್ರಿಜ್ ಚೀಟಿಯ ತೂಕ ಹಾಕಿದರೆ ಅದೇ ಲೆಕ್ಕ ಹಾಕಿಕೊಳ್ಳುತ್ತದೆ.

ಒಂದು ಕಡೆ ಮಾತ್ರ ಎಡವಿದೆವು. ಖಾತೆ 417ರ ಗಿರಾಕಿಗೆ ಹೊಸ ವ್ಯವಸ್ಥೆ 18,400 ರೂಪಾಯಿ ಬಾಕಿ ತೋರಿಸಿತು, ಅವರು ತಮ್ಮ ಚೀಟಿಯನ್ನು ತಂದು ಒಂದು ಪೈಸೆಯೂ ಇಲ್ಲ ಎಂದರು. ಹುಡುಕಿದಾಗ 2014ರಲ್ಲಿ ರದ್ದು ಮಾಡಿದ್ದ ಒಂದು ಬಿಲ್ಲು ಒಳಗೆ ಬಂದಿತ್ತು. ಹಳೇಕೋಡು ಸರ್ ಮೊದಲೇ ಎಚ್ಚರಿಸಿದ್ದ ನಕ್ಷತ್ರದ ಗುರುತೇ ಅದು. ನಾವು ಬಿಲ್ಲಿನ ಮುಖ್ಯ ಕಡತದಲ್ಲಿ ನೋಡಿದ್ದೆವು, ಉದ್ರಿಯ ಕಡತದಲ್ಲಿ ನೋಡಿರಲಿಲ್ಲ. ಆ ಹಿರಿಯರಲ್ಲಿ ನಾನೇ ಹೋಗಿ ಕ್ಷಮೆ ಕೇಳಿ ಬಂದೆ. ಅಂಥ ಇನ್ನೂ 63 ದಾಖಲೆಗಳು ಸಿಕ್ಕಿವೆ. ಗುಮಾಸ್ತರು ಹಳೆಯ ಬಿಲ್ಲು ಪುಸ್ತಕಗಳನ್ನು ಗೋದಾಮಿನಿಂದ ಇಳಿಸಿದ್ದಾರೆ, ಈ ಭಾನುವಾರ ಇಬ್ಬರೂ ಕುಳಿತು ಒಂದೊಂದಾಗಿ ನೋಡುತ್ತೇವೆ.

ಹಳೇಕೋಡು

63ನ್ನು ನೋಡುವಾಗ ವಸೂಲಿಯ ಕಡತವನ್ನೂ ತೆಗೆಯಿರಿ ಮೇಡಂ. ರದ್ದಾದ ಬಿಲ್ಲು ಬಾಕಿಯನ್ನು ಹೆಚ್ಚಿಸುತ್ತದೆ, ಗಿರಾಕಿ ಬಂದು ಕೇಳುತ್ತಾರೆ. ರದ್ದಾದ ರಸೀದಿ ಒಳಗೆ ಬಂದರೆ ಬಾಕಿ ಕಡಿಮೆಯಾಗುತ್ತದೆ, ಅದನ್ನು ಹೇಳಲು ಯಾರೂ ಬರುವುದಿಲ್ಲ.